ಬ್ರಹ್ಮಪುರದ ಮನೆಯೊಳಗೆ ಒಂದು ಆಫೀಸು

ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಇದೆ. ಹೈಕೋರ್ಟ್ ಪೀಠ ಇದೆ. 1958ರಿಂದ ನಡೆಯುತ್ತಿರುವ ಪಿಡಿಎ ಎಂಜಿನಿಯರಿಂಗ್ ಕಾಲೇಜು ಇದೆ. ವರ್ಷಾವರ್ಷ ಇಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ ಹುಡುಗ ಹುಡುಗಿಯರು ಹೊರಗೆ ಬರುತ್ತಲೇ ಇರುತ್ತಾರೆ. ಅವರನ್ನು ಇಲ್ಲೇ ಉಳಿಸಿಕೊಳ್ಳುವಷ್ಟು ಸಾಫ್ಟ್‌ವೇರ್ ಕೆಲಸ ಮಾತ್ರ ಇಲ್ಲ. ಓದು ಮುಗಿಯಿತು ಅಂದರೆ ಬೆಂಗಳೂರಿನ ರೈಲು, ಇಲ್ಲವೇ ಹೈದರಾಬಾದಿನ ಬಸ್ಸು.

ನಾನೂ ಹಾಗೇ ಹೋದವಳು. ಬೆಂಗಳೂರಲ್ಲಿ ಕೆಲಸ ಸಿಕ್ಕಿತು, ಬ್ಯಾಕೆಂಡ್ ಡೆವಲಪರ್ ಆದೆ, ಅಂದರೆ ಆ್ಯಪಿನ ಹಿಂದೆ ಸರ್ವರ್‌ನಲ್ಲಿ ಓಡೋ ಕೋಡ್ ಬರೆಯೋಳು. ಆಮೇಲೆ ಮದುವೆಯಾಯಿತು. ನಮ್ಮವರು ಕಲಬುರಗಿಯ ಕಾಲೇಜೊಂದರಲ್ಲಿ ಲೆಕ್ಚರರ್. ಅವರು ಕಲಬುರಗಿಯ ಬ್ರಹ್ಮಪುರ ಬಡಾವಣೆಯ ಮನೆಯಲ್ಲಿ, ನಾನು ಬೆಂಗಳೂರಿನ ಪಿಜಿಯಲ್ಲಿ. ಇಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕು ಅನ್ನೋ ಮಾತು ಬಂದಾಗಲೆಲ್ಲ, ಬಿಡೋದು ಯಾರು ಅಂತ ಯಾರೂ ಕೇಳುತ್ತಿರಲಿಲ್ಲ. ಅದು ಮೊದಲೇ ತೀರ್ಮಾನ ಆಗಿಹೋಗಿತ್ತು, ಅಲ್ವಾ?

ಹಾಗಾಗಿ ಮನೆಯಿಂದ ಕೆಲಸ ಅನ್ನೋದು ನನಗೆ ಆರಾಮಿನ ವಿಷಯವಾಗಿ ಬರಲೇ ಇಲ್ಲ. ಅದು ಇಲ್ಲದಿದ್ದರೆ ನನ್ನ ನೌಕರಿಯೇ ಇರುತ್ತಿರಲಿಲ್ಲ.

2020ರ ಮಾರ್ಚ್‌ನಲ್ಲಿ ಎಲ್ಲರೂ ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೊರಟರು. ನಾನು ಹೊರಡಲಿಲ್ಲ. ದೇಶದ ಮೊದಲ ಕೋವಿಡ್ ಸಾವು ಆಗಿದ್ದೇ ಕಲಬುರಗಿಯಲ್ಲಿ. ಅತ್ತೆ ಫೋನ್ ಮಾಡಿ, "ಇಲ್ಲಿ ಬರಬ್ಯಾಡವ್ವ, ನಾವೇ ಹೆದರಿ ಕುಂತೀವಿ" ಅಂದರು. ಖಾಲಿಯಾದ ಪಿಜಿಯ ಕೋಣೆಯಲ್ಲಿ ಮಂಚದ ಮೇಲೆ ಕೂತು ಕೋಡ್ ಬರೆದೆ. ಲಾಕ್‌ಡೌನ್ ಸಡಿಲವಾದ ಮೇಲೆ ಊರಿಗೆ ಬಂದೆ. ಆಗ ಮನೆಯಿಂದ ಕೆಲಸ ಮಾಡೋಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಪ್ಪಣೆ ಕೇಳುವ ಕಾಲ ಬಂದಿದ್ದು ಆಫೀಸುಗಳು ಬಾಗಿಲು ತೆರೆದಾಗ.

ನಮ್ಮ ಕಂಪನಿ ಇರುವುದು ವಿಶೇಷ ಆರ್ಥಿಕ ವಲಯದಲ್ಲಿ, ಅಂದರೆ ತೆರಿಗೆ ರಿಯಾಯಿತಿ ಇರುವ ಎಸ್‌ಇಝಡ್‌ನಲ್ಲಿ. ಅಲ್ಲಿ ಸರ್ಕಾರದ ನಿಯಮವೂ ನಡುವೆ ಬರುತ್ತದೆ. 2022ರ ಜುಲೈನಲ್ಲಿ ಕೇಂದ್ರ ವಾಣಿಜ್ಯ ಇಲಾಖೆ 43ಎ ಅನ್ನೋ ನಿಯಮ ತಂದಿತು. ಇಂಥ ವಲಯದ ಘಟಕಗಳು ಹೆಚ್ಚೆಂದರೆ ಅರ್ಧದಷ್ಟು ಜನರನ್ನು, ಒಂದು ವರ್ಷದ ತನಕ, ಮನೆಯಿಂದ ಕೆಲಸ ಮಾಡಿಸಬಹುದು ಅಂತ ಆಗ ಇತ್ತು. ಅಂದರೆ ಆ ಅರ್ಧದೊಳಗೆ ನನ್ನ ಹೆಸರು ಸೇರಬೇಕಿತ್ತು. ಅರ್ಜಿ ಕೊಟ್ಟೆ. ನೆಟ್ ಎಷ್ಟು ಸ್ಪೀಡ್ ಇದೆ, ಕರೆಂಟ್ ಹೋದರೆ ಏನು ಮಾಡುತ್ತೀರಿ, ಪ್ರತ್ಯೇಕ ಕೋಣೆ ಇದೆಯಾ, ಪರದೆ ಬೇರೆಯವರ ಕಣ್ಣಿಗೆ ಬೀಳುತ್ತದಾ ಅಂತೆಲ್ಲ ಕೇಳಿದ್ದರು. ಗ್ರಾಹಕರ ಡೇಟಾ ಮುಟ್ಟುವ ಕೆಲಸ ಆದ್ದರಿಂದ ಆ ಪ್ರಶ್ನೆಗಳು ನ್ಯಾಯವೇ. ಆದರೆ ಉತ್ತರ ಬರೆಯುವ ಹೊತ್ತಿಗೆ ಉತ್ತರ ಕೊಡೋ ಹಾಗೆ ಮನೆ ಸಿದ್ಧ ಆಗಬೇಕಿತ್ತು.

ಮೊದಲು ನೆಟ್‌ನ ಕಥೆ. ನಮ್ಮ ಬೀದಿಗೆ ಆಗ ಇದ್ದ ಲೈನ್ ಟಿವಿ ಕೇಬಲ್ ಜೊತೆಗೇ ಬರುತ್ತಿತ್ತು. ಕಂಬಕ್ಕೆ ಒಂದು ಡಬ್ಬಿ ಕಟ್ಟಿರುತ್ತಾರಲ್ಲ, ಅದರೊಳಗೆ ಒಂದು ಸ್ವಿಚ್, ಒಂದು ಸಣ್ಣ ಬ್ಯಾಟರಿ. ಬಡಾವಣೆಯ ಕರೆಂಟ್ ಜಾಸ್ತಿ ಹೊತ್ತು ಹೋದರೆ ಆ ಬ್ಯಾಟರಿ ಕೈ ಎತ್ತುತ್ತಿತ್ತು. ನಮ್ಮ ಮನೆಯಲ್ಲಿ ಇನ್ವರ್ಟರ್ ಓಡುತ್ತಿದೆ, ರೂಟರ್ ದೀಪ ಹೊಳೆಯುತ್ತಿದೆ, ನೆಟ್ ಮಾತ್ರ ಇಲ್ಲ. ಆಮೇಲೆ ಫೈಬರ್ ನೇರ ಮನೆಯೊಳಗೇ ಬರುವ ಕನೆಕ್ಷನ್ ಹಾಕಿಸಿದೆ. ಅದರಲ್ಲಿ ನಡುದಾರಿಯಲ್ಲಿ ಬೆಳಕನ್ನು ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಆ ತುದಿಯಲ್ಲಿ ಎಕ್ಸ್‌ಚೇಂಜ್, ಈ ತುದಿಯಲ್ಲಿ ನನ್ನ ಬ್ಯಾಟರಿ, ಎರಡು ಜೀವಂತ ಇದ್ದರೆ ಸಾಕು. ಜಿಲ್ಲಾ ಊರುಗಳಿಂದ ಕೆಲಸ ಮಾಡೋರು ಸ್ಪೀಡ್ ಎಷ್ಟು ಅಂತ ಕೇಳೋದಕ್ಕಿಂತ ಮುಂಚೆ ಇದನ್ನು ಕೇಳಬೇಕು. ನೂರು ಎಂಬಿ ಲೈನ್ ಹಾಕಿಸಿಕೊಂಡು ದಿನಾ ಮಧ್ಯಾಹ್ನ ಕತ್ತಲಲ್ಲಿ ಕೂತರೆ ಏನು ಬಂತು?

ಕರೆಂಟಿನದು ಲೆಕ್ಕದ ವಿಷಯ. ಲ್ಯಾಪ್‌ಟಾಪ್ ಸುಮಾರು 60 ವ್ಯಾಟ್, ಮಾನಿಟರ್ 30, ಫ್ಯಾನ್ 75, ರೂಟರ್ 10. 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಟ್ಯೂಬುಲರ್ ಬ್ಯಾಟರಿ ಇದ್ದರೆ ಇಷ್ಟೂ ಆರಾಮಾಗಿ ಐದು ಗಂಟೆ ಓಡುತ್ತವೆ. ಕೂಲರ್ ಸೇರಿಸಿದರೆ ಅದು ಅರ್ಧಕ್ಕಿಳಿಯುತ್ತದೆ. ಇನ್ನೊಂದು ಸಣ್ಣ ವಿಷಯ ಇದೆ, ಅಂಗಡಿಯವರು ಹೇಳೋದಿಲ್ಲ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಗುಂಡಿ ಇರುತ್ತದೆ. ಅದು ಆನ್ ಇಲ್ಲದಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗೋ ಆ ಕ್ಷಣದಲ್ಲಿ ರೂಟರ್ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಫ್ಯಾನಿಗೆ ಗೊತ್ತೇ ಆಗೋದಿಲ್ಲ. ಆದರೆ ಆಫೀಸಿನ ನೆಟ್‌ವರ್ಕಿಗೆ ಸುರಕ್ಷಿತವಾಗಿ ಜೋಡಿಸುವ ವಿಪಿಎನ್ ಕಡಿದು, ಪಾಸ್‌ವರ್ಡ್, ಒಟಿಪಿ ಎಲ್ಲ ಮತ್ತೆ ಕೊಟ್ಟು ಮೀಟಿಂಗ್ ಸೇರುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿರುತ್ತದೆ. ರೂಟರ್‌ಗೆ ಅಂತಲೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಅದನ್ನೂ ತಂದಿಟ್ಟೆ.

ಕೋಣೆ ಆರಿಸಿದ್ದು ಮಾವ. ನಮ್ಮದು ಹಳೇ ಮನೆ. ಕೆಳಗೆ ಹಿಂಬದಿಯಲ್ಲಿ ಒಂದು ಕೋಣೆ, ದಪ್ಪ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಕಲ್ಲಿನ ಪರಸಿ. ಮೊದಲು ಅದರಲ್ಲಿ ಜೋಳದ ಚೀಲ, ತೊಗರಿ ಚೀಲ ಇಡುತ್ತಿದ್ದರು. ಬೇಸಿಗೆಯಲ್ಲಿ ಮೇಲಿನ ಸ್ಲ್ಯಾಬಿನ ಕೋಣೆ ಒಲೆಯಂತೆ ಕಾದರೂ ಇದು ತಣ್ಣಗಿರುತ್ತದೆ. ತೊಂದರೆ ಅಂದರೆ ಆ ಗೋಡೆಯೊಳಗೆ ವೈಫೈ ಹೋಗೋದಿಲ್ಲ. 5 ಗಿಗಾಹರ್ಟ್ಸ್ ಸಿಗ್ನಲ್ ಬಾಗಿಲ ಹತ್ತಿರವೇ ಸಾಯುತ್ತದೆ, 2.4 ಹೇಗೋ ತೆವಳಿಕೊಂಡು ಬರುತ್ತದೆ. ಗವಾಕ್ಷಿಯಿಂದ ಲ್ಯಾನ್ ಕೇಬಲ್ ಎಳೆಸಿದ ಮೇಲೆ ಆ ಜಗಳ ಮುಗಿಯಿತು.

ಬಿಸಿಲಿನ ಜಗಳ ಮುಗಿಯೋದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸೋದಿಲ್ಲ. ಲ್ಯಾಪ್‌ಟಾಪ್ ಮಾಡುವವರಲ್ಲಿ ಹಲವರು ಸುತ್ತಲಿನ ಗಾಳಿ 35 ಡಿಗ್ರಿ ದಾಟಬಾರದು ಅಂತ ಬರೆದಿರುತ್ತಾರೆ. ದಾಟಿದರೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಬೆಳಗ್ಗೆ ಬೇಗ ಮುಗಿಯೋ ಬಿಲ್ಡ್, ಅಂದರೆ ಬರೆದ ಕೋಡನ್ನು ಓಡೋ ಪ್ರೋಗ್ರಾಂ ಮಾಡೋ ಕೆಲಸ, ಮಧ್ಯಾಹ್ನ ಮುಗಿಯೋದೇ ಇಲ್ಲ. ಅದಕ್ಕೇ ದೂರದಿಂದಲೇ ಬಳಸುವ ಕಂಪನಿಯ ರಿಮೋಟ್ ಮಷೀನ್ ಕೇಳಿಕೊಂಡೆ. ಕೋಡ್ ಅಲ್ಲಿ, ಬಿಲ್ಡ್ ಅಲ್ಲಿ, ನನ್ನ ಮುಂದೆ ಬರೀ ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡೋ ಪರದೆ. ಟಿಮಕ್ಸ್ ಅನ್ನೋ ಪ್ರೋಗ್ರಾಂನಲ್ಲಿ ಸೆಷನ್ ಬಿಟ್ಟಿದ್ದರೆ ನೆಟ್ ಕಡಿದರೂ ಅಲ್ಲಿ ಕೆಲಸ ನಡೆದೇ ಇರುತ್ತದೆ. ಗಿಗಾಬೈಟ್ ಗಾತ್ರದ ಡಾಕರ್ ಇಮೇಜುಗಳನ್ನು, ಅಂದರೆ ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದೆಲ್ಲ ಸೇರಿಸಿದ ಕಟ್ಟುಗಳನ್ನು, ಮನೆಗೆ ಎಳೆಯೋದೂ ತಪ್ಪಿತು.

ಕೂಲರ್ ಇದೆ. ನಮ್ಮದು ಒಣ ಗಾಳಿ ಆದ್ದರಿಂದ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಜೂನ್‌ನಲ್ಲಿ ಮಳೆ ಬಂದು ಗಾಳಿ ತೇವ ಆದ ಮೇಲೆ ಅದರಿಂದ ಏನೂ ಉಪಯೋಗ ಇಲ್ಲ. ಆದರೆ ಅದರ ಸದ್ದು! ಒಮ್ಮೆ ಅಮೆರಿಕದ ಕ್ಲೈಂಟ್ ಕೇಳಿದ, ಅಲ್ಲಿ ಮಳೆ ಜೋರಾಗಿದೆಯಾ ಅಂತ. ಹೌದು ಅಂದುಬಿಟ್ಟೆ. ಮೇ ತಿಂಗಳ ಕಲಬುರಗಿಯಲ್ಲಿ ಮಳೆ!

ಕೊನೆಗೆ ಪರಿಹಾರ ಸಿಕ್ಕಿದ್ದು ಸರ್ಕಾರದಿಂದಲೇ ಅನ್ನಬಹುದು. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಿಗೆ ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1:30. ಮಾವ ರಿಟೈರ್ಡ್ ಸರ್ಕಾರಿ ನೌಕರರು. "ಡಿಸಿ ಆಫೀಸಿಗಿ ಬಿಸಲ ಹತ್ತತದ, ನಿನಗ ಹತ್ತಂಗಿಲ್ಲೇನು?" ಅಂತ ಕೇಳಿದರು. ಸರಿಯಾದ ಪ್ರಶ್ನೆ. ಆ ಆದೇಶದ ಸುದ್ದಿಯನ್ನೇ ಮ್ಯಾನೇಜರ್‌ಗೆ ಕಳಿಸಿ, ಬೇಸಿಗೆಯಲ್ಲಿ ಬೆಳಗ್ಗೆ ಆರಕ್ಕೇ ಶುರುಮಾಡುತ್ತೇನೆ, ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆ ಸಿಗೋದಿಲ್ಲ ಅಂದೆ. ಅವರಿಗೂ ನಗು ಬಂತು, ಒಪ್ಪಿದರು. ಬೆಳಗಿನ ಆರರಿಂದ ಹತ್ತು ನನ್ನ ಒಳ್ಳೆಯ ಹೊತ್ತು. ಮೆಸೇಜ್ ಇಲ್ಲ, ಮೀಟಿಂಗ್ ಇಲ್ಲ. ಬೆಂಗಳೂರಲ್ಲಿ ಆ ಹೊತ್ತಿನಲ್ಲಿ ಔಟರ್ ರಿಂಗ್ ರೋಡಿನಲ್ಲಿ ಕ್ಯಾಬಿನೊಳಗೆ ಕೂತು ಮುಂದಿನ ಗಾಡಿಯ ನಂಬರ್ ಪ್ಲೇಟ್ ಓದುತ್ತಿದ್ದೆ.

ಸಂಜೆಯನ್ನು ಮಾತ್ರ ಉಳಿಸಿಕೊಳ್ಳೋಕೆ ಆಗಿಲ್ಲ. ನ್ಯೂಯಾರ್ಕಿನವರ ಬೆಳಗಿನ ಒಂಬತ್ತೂವರೆ ನಮಗೆ ಚಳಿಗಾಲದಲ್ಲಿ ರಾತ್ರಿ ಎಂಟು. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಮುಂದೆ ತಿರುಗಿಸಿದ ಮೇಲೆ ಅದು ಏಳು. ಸರಿಯಾಗಿ ನಮ್ಮ ಬೇಸಿಗೆ ಶುರುವಾಗುವಾಗ. ಮಾಳಿಗೆಗೆ ನೀರು ಹೊಡೆದು, ಚಾಪೆ ಹಾಸಿ, ಇಡೀ ಓಣಿ ಉಸಿರು ಬಿಡೋ ಹೊತ್ತದು. ಎಲ್ಲರೂ ಮೇಲೆ, ನಾನು ಕೆಳಗೆ ಹೆಡ್‌ಫೋನ್ ಹಾಕಿಕೊಂಡು. ಇದಕ್ಕೆ ಇನ್ವರ್ಟರೂ ಇಲ್ಲ, ಕೇಬಲ್ಲೂ ಇಲ್ಲ.

ಇನ್ನು ಮನೆಯವರು. ಕೂಡು ಕುಟುಂಬದಲ್ಲಿ ಸೊಸೆ ಬಾಗಿಲು ಹಾಕಿಕೊಂಡು ಕೂರೋದು ಸುಮ್ನೆ ನಡೆಯೋ ಮಾತಲ್ಲ. ಮೊದಮೊದಲು ಅತ್ತೆಗೆ ಬೇಜಾರಿತ್ತು. ನಳ ಬರೋದು ದಿನಾ ಅಲ್ಲ. ಭೀಮಾದ್ದೋ ಬೆಣ್ಣೆತೊರೆಯದ್ದೋ, ಬಂದಾಗ ಹಿಡಿದುಕೊಳ್ಳಬೇಕು. ಅದು ಬರೋದು ಎಷ್ಟೋ ಸಲ ಯಾರು ಏನು ಮಾಡುತ್ತಿದ್ದೇವೆ ಅಂತ ದಿನಾ ಹೇಳುವ ನಮ್ಮ ಸ್ಟ್ಯಾಂಡಪ್ ಮೀಟಿಂಗ್ ಹೊತ್ತಿಗೇ. "ನಳ ಬಂತು!" ಅನ್ನೋ ಕೂಗು ಎಷ್ಟು ಸಲ ಮೀಟಿಂಗಿನಲ್ಲಿ ಕೇಳಿಸಿತೋ, ಪುಣೆಯ ಟೀಂಮೇಟ್ ಒಬ್ಬ ಅದನ್ನು ಕಲಿತು ಹೇಳತೊಡಗಿದ. ಓಣಿಯವರಿಗೂ ನಾನು ಬಿಡುವಾಗಿ ಕಾಣುತ್ತಿದ್ದೆ. "ಮನ್ಯಾಗೇ ಇರ್ತೀರಲ್ರಿ ವೈನಿ, ನಮ್ಮ ಹುಡುಗನ ಗಣಿತ ಸ್ವಲ್ಪ ನೋಡ್ರಿ" ಅಂತ ಬರೋರು. ಗ್ಯಾಸ್ ಬುಕ್ ಮಾಡೋದು, ಆಧಾರ್ ತಿದ್ದೋದು, ರೈಲು ಟಿಕೆಟ್, ಎಲ್ಲ ನನ್ನ ಹತ್ತಿರ. ಗಂಡ ಕಾಲೇಜಿನಲ್ಲಿ ಕ್ಲಾಸ್ ತೆಗೆದುಕೊಳ್ಳುವಾಗ ಯಾರೂ ಹೋಗಿ ಗ್ಯಾಸ್ ಬುಕ್ ಮಾಡಿ ಅನ್ನೋದಿಲ್ಲ. ಈ ವ್ಯತ್ಯಾಸ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಮಾವ ಇದಕ್ಕೂ ದಾರಿ ಮಾಡಿದರು. ಪೇಪರ್ ಹಿಡಿದು ಪಡಸಾಲೆಯಲ್ಲಿ ಕೂತು, ಬಂದವರಿಗೆಲ್ಲ "ಅಕಿ ಕೆಲಸದಾಗ ಅದಾಳ, ಐದಕ್ಕ ಬರ್ರಿ" ಅಂತ ಹೇಳಿ ಕಳಿಸತೊಡಗಿದರು. ನಾನು ಹತ್ತು ಸಲ ಹೇಳಿದರೂ ಆಗದ್ದು ಅವರ ಒಂದು ಮಾತಿಗೆ ಆಯಿತು. ಸಂತೋಷ ಪಡಬೇಕೋ ಸಿಟ್ಟು ಮಾಡಬೇಕೋ ಗೊತ್ತಾಗಲಿಲ್ಲ. ಅತ್ತೆಯ ಜೊತೆ ಬೇರೆ ಒಪ್ಪಂದ. ದಿನಾ ರೊಟ್ಟಿ ಬಡಿಯೋದು ಇಬ್ಬರಿಗೂ ಭಾರವಾಗಿತ್ತು. ಹತ್ತಿರದ ರೊಟ್ಟಿ ಕೇಂದ್ರದಿಂದ ತರಿಸೋಣ, ದುಡ್ಡು ನಂದು ಅಂದೆ. ಸ್ವಲ್ಪ ದಿನ ಮಾತಿಲ್ಲ. ಆಮೇಲೆ ತಾವೇ ಹೋಗಿ ರೊಟ್ಟಿ ತಿರುವಿ ನೋಡಿ, ತೆಳ್ಳಗಿದ್ದದ್ದು ಆರಿಸಿ ತರೋಕೆ ಶುರುಮಾಡಿದರು. ಪಲ್ಯ ಮಾತ್ರ ಮನೆಯದೇ ಆಗಬೇಕು.

ಶರಣಬಸವೇಶ್ವರ ಜಾತ್ರೆಗೆ ಮಾತ್ರ ಯಾವ ಒಪ್ಪಂದವೂ ನಿಲ್ಲೋದಿಲ್ಲ. ಹೋಳಿ ಹುಣ್ಣಿಮೆಯಾಗಿ ಐದನೇ ದಿನ ರಥೋತ್ಸವ. ಗುಡಿ ಹತ್ತಿರದ ಮನೆ ಅಂದರೆ ನೆಂಟರಿಗೆ ಛತ್ರ ಇದ್ದಂತೆ. ಒಂದು ವರ್ಷ ನನ್ನ ಕೋಣೆಯಲ್ಲೇ ಸೇಡಂ ಕಡೆಯ ಚಿಕ್ಕಮ್ಮಂದಿರು ಮಲಗಿದ್ದರು, ಅದೇ ರಾತ್ರಿ ನಮ್ಮ ರಿಲೀಸ್, ಅಂದರೆ ಹೊಸ ಕೋಡನ್ನು ಗ್ರಾಹಕರ ಬಳಕೆಗೆ ಬಿಡೋ ಕೆಲಸ. ಅಡುಗೆಮನೆಯಲ್ಲಿ ಗ್ರೈಂಡರ್ ಪಕ್ಕ ಲ್ಯಾಪ್‌ಟಾಪ್ ಇಟ್ಟು ಡೇಟಾಬೇಸ್ ಬದಲಾಯಿಸುವ ಮೈಗ್ರೇಷನ್ ಓಡಿಸಿದೆ. ಒಬ್ಬ ಚಿಕ್ಕಮ್ಮ ಎದ್ದು ಬಂದು, ನನ್ನ ಜೊತೆ ಚಹಾ ಕುಡಿಯುತ್ತಾ ಪರದೆಯ ಮೇಲೆ ಓಡೋ ಸಾಲುಗಳನ್ನು ನೋಡುತ್ತಾ ಕೂತರು. "ಇದು ಮುಗಿದ್ರ ಮಲಗ್ತಿ?" ಅಂದರು. ಹೌದು ಅಂದೆ. ಮುಗಿಯುವ ತನಕ ಅಲ್ಲೇ ಇದ್ದರು. ಆಫೀಸಿನ ರಿಲೀಸ್ ರಾತ್ರಿಗಳಲ್ಲಿ ಪಿಜ್ಜಾ ಕೊಡುತ್ತಾರೆ. ಅದಕ್ಕಿಂತ ಇದು ಮೇಲು.

ಇಷ್ಟೆಲ್ಲ ನಾನು ದುಡ್ಡು ಹಾಕಿಯೋ, ಮಾತಾಡಿಯೋ ಸರಿಮಾಡಿಕೊಂಡೆ. ಸರಿಮಾಡೋಕೆ ಆಗದ್ದು ಬೇರೆ ಇತ್ತು.

ನಮ್ಮ ಟೀಮಿಗೆ ಬೀದರಿನ ಹುಡುಗ ಒಬ್ಬ ಸೇರಿದ. ಮೊದಲ ಕೆಲಸ, ಅದೂ ಮನೆಯಿಂದಲೇ. ಆಫೀಸ್ ಹೇಗಿರುತ್ತದೆ ಅಂತಲೇ ನೋಡಿರಲಿಲ್ಲ. ಸ್ಟ್ಯಾಂಡಪ್‌ನಲ್ಲಿ ದಿನಾ "ಕೆಲಸ ನಡೆಯುತ್ತಿದೆ" ಅಂತ ಇಂಗ್ಲಿಷಿನಲ್ಲಿ ಹೇಳಿ ಮೈಕ್ ಆಫ್ ಮಾಡುತ್ತಿದ್ದ. ಕೆಲಸ ನಡೆಯುತ್ತಿರಲಿಲ್ಲ. ಆಫೀಸಿನಲ್ಲಿ ಆಗಿದ್ದರೆ ಅವನ ಮುಖ ನೋಡಿದ್ದರೆ ಸಾಕಿತ್ತು, ಸಿಕ್ಕಿಹಾಕಿಕೊಂಡಿದ್ದಾನೆ ಅಂತ ಗೊತ್ತಾಗುತ್ತಿತ್ತು. ಪರದೆಯ ಮೇಲೆ ಅವನು ಒಂದು ಹಸಿರು ಚುಕ್ಕಿ ಅಷ್ಟೇ. ಒಂದು ದಿನ ನೇರ ಫೋನ್ ಮಾಡಿ ಕನ್ನಡದಲ್ಲೇ ಕೇಳಿದೆ. "ಅಕ್ಕಾ, ಇಷ್ಟು ಸಣ್ಣದು ಹ್ಯಾಂಗ ಕೇಳಬೇಕಂತ ಸುಮ್ನಿದ್ದೆರಿ" ಅಂದ. ಮೆಸೇಜಿನಲ್ಲಿ ಬರೆದು ಕೇಳಿದರೆ ಸಣ್ಣ ಪ್ರಶ್ನೆಯೂ ದೊಡ್ಡದಾಗಿ ಕಾಣುತ್ತದೆ, ಎಲ್ಲರೂ ಓದುತ್ತಾರೆ. ಪಕ್ಕದ ಕುರ್ಚಿಯವರನ್ನು ಕೇಳೋದಕ್ಕೆ ಧೈರ್ಯ ಬೇಕಾಗೋದಿಲ್ಲ.

ಇದು ನನ್ನ ಅನಿಸಿಕೆ ಮಾತ್ರ ಅಲ್ಲ. ಅಮೆರಿಕದ ದೊಡ್ಡ ಕಂಪನಿಯೊಂದರ ಸಾಫ್ಟ್‌ವೇರ್ ಎಂಜಿನಿಯರುಗಳ ಮೇಲೆ ಮೂವರು ಅರ್ಥಶಾಸ್ತ್ರಜ್ಞೆಯರು ಅಧ್ಯಯನ ಮಾಡಿದ್ದಾರೆ. ಟೀಮಿನವರ ಹತ್ತಿರ ಕೂತು ಕೆಲಸ ಮಾಡೋರಿಗೆ ತಮ್ಮ ಕೋಡಿನ ಬಗ್ಗೆ ಜಾಸ್ತಿ ಕಾಮೆಂಟ್ ಸಿಗುತ್ತಿತ್ತು. ಅದರ ಲಾಭ ಹೊಸಬರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಜಾಸ್ತಿ. ಕಲಿಸುವ ಹಿರಿಯರ ಸ್ವಂತ ಕೋಡ್ ಮಾತ್ರ ಕಡಿಮೆಯಾಗುತ್ತಿತ್ತು. ಬೆಳಗಿನ ನನ್ನ ಆ ಶಾಂತ ನಾಲ್ಕು ಗಂಟೆ ಯಾರ ಪಾಲಿನಿಂದ ಬಂತು ಅಂತ ಅದನ್ನು ಓದಿದಾಗ ಅರ್ಥ ಆಯಿತು.

ಬೀದರಿನಿಂದ ಕಲಬುರಗಿಗೆ 2017ರಿಂದ ನೇರ ರೈಲು ಮಾರ್ಗ ಇದೆ. "ಒಂದು ದಿನ ಬಾ" ಅಂದೆ. ಬಂದ. ಪರಸಿ ನೆಲದ ಕೋಣೆಯಲ್ಲಿ ಇನ್ನೊಂದು ಕುರ್ಚಿ ಹಾಕಿದೆವು. ವಿಶೇಷ ಪಾಠ ಏನೂ ಮಾಡಲಿಲ್ಲ, ನನ್ನ ಕೆಲಸ ನಾನು ಮಾಡಿದೆ. ಅವನು ನೋಡುತ್ತಿದ್ದ. ಪ್ರೋಗ್ರಾಂ ಏನೇನು ಮಾಡಿತು ಅಂತ ದಾಖಲಾಗುವ ಲಾಗ್ ಫೈಲನ್ನು ಕೆಳಗಿನಿಂದ ಮೇಲೆ ಓದುತ್ತೀರಾ ಅಂತ ಕೇಳಿದ. ಎರರ್ ಬಂದ ತಕ್ಷಣ ಕೋಡ್ ಮುಟ್ಟದೆ, ಹಿಂದಿನ ಕಮಿಟ್‌ನಲ್ಲಿ, ಅಂದರೆ ಮೊದಲು ಸೇರಿಸಿಟ್ಟ ಕೋಡಿನಲ್ಲಿ, ಏನು ಬದಲಾಗಿದೆ ಅಂತ ನೋಡಿದ್ದು ಅವನಿಗೆ ಹೊಸದು. ಇಂಥವನ್ನು ಕಾಲ್‌ನಲ್ಲಿ ಹೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಕೈ ಮಾಡೋದನ್ನು ಬಾಯಿ ಹೇಳೋದಿಲ್ಲ. ಮಧ್ಯಾಹ್ನ ಪುಂಡಿ ಪಲ್ಯ, ರೊಟ್ಟಿ, ಶೇಂಗಾ ಹಿಂಡಿ ತಿಂದು, ನನಗಿಂತ ಮುಂಚೆ ಅತ್ತೆಗೇ ಬೇಕಾದವನಾದ. ಆಮೇಲೆ ಆಗಾಗ ಬರತೊಡಗಿದ. ಅವನು ಪರಿಶೀಲನೆಗೆ ಕಳಿಸುವ ಕೋಡ್ ಬದಲಾವಣೆಗಳಿಗೆ, ಅಂದರೆ ಪುಲ್ ರಿಕ್ವೆಸ್ಟುಗಳಿಗೆ, ಮತ್ತೆ ಮತ್ತೆ ತಿದ್ದುಪಡಿ ಹೇಳೋದು ಬರಬರುತ್ತಾ ನಿಂತಿತು.

ಅಷ್ಟರಲ್ಲಿ ಆಫೀಸಿಗೆ ವಾಪಸ್ ಬನ್ನಿ ಅನ್ನೋ ಮೇಲ್ ಬಂತು. ವಾದ ಮಾಡೋಣ ಅಂತ ಒಂದು ಅಧ್ಯಯನ ಹಿಡಿದುಕೊಂಡು ಹೋದೆ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದದ್ದು, ಚೀನಾದ ಟ್ರಿಪ್ ಡಾಟ್ ಕಾಮ್ ಕಂಪನಿಯ 1,612 ಜನರ ಮೇಲೆ ಮಾಡಿದ್ದು. ವಾರಕ್ಕೆರಡು ದಿನ ಮನೆಯಿಂದ ಕೆಲಸ ಕೊಟ್ಟಾಗ ಕೆಲಸ ಬಿಡೋರ ಪ್ರಮಾಣ ಮೂರನೇ ಒಂದರಷ್ಟು ಇಳಿಯಿತು, ಬಡ್ತಿಗೆ ಏನೂ ಧಕ್ಕೆ ಆಗಲಿಲ್ಲ. ಮ್ಯಾನೇಜರ್ ಓದಿ, "ವಾರಕ್ಕೆರಡು ದಿನ ಅಲ್ವಾ, ನೀವು ಕೇಳುತ್ತಿರುವುದು ಐದೂ ದಿನ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ದೂರ ಇರೋದರ ನಷ್ಟ ನನಗೂ ಗೊತ್ತಿತ್ತು. ಒಂದು ಪ್ರಾಜೆಕ್ಟ್ ನಿಂತುಹೋಗಿದೆ ಅಂತ ಟೀಮಿನಲ್ಲಿ ಕೊನೆಗೆ ಗೊತ್ತಾಗಿದ್ದು ನನಗೇ. ಕಾಫಿ ಮಷೀನ್ ಹತ್ತಿರ ಮಾತಾಗಿತ್ತಂತೆ. ನಾನು ಕೆಲಸ ಮಾಡಿದ್ದೆ, ವ್ಯರ್ಥವಾಗಿ.

ಕೆಲಸಕ್ಕೆ ಬಂದದ್ದು ಅಧ್ಯಯನ ಅಲ್ಲ, ನಾನು ಬರೆದಿಟ್ಟ ಟಿಪ್ಪಣಿಗಳು. ಪಕ್ಕದಲ್ಲಿ ಯಾರೂ ಇಲ್ಲ ಅಂತ ಪ್ರತಿ ಡಿಸೈನನ್ನೂ, ಯಾಕೆ ಹೀಗೆ ಮಾಡಿದೆವು ಅಂತ ಸಮೇತ, ಬರೆದಿಡೋ ರೂಢಿ ಆಗಿತ್ತು. ಆಫೀಸಿನಲ್ಲಿ ಕೂತವರೂ ಅದನ್ನೇ ಓದಿ ಕೆಲಸ ಮಾಡುತ್ತಿದ್ದರು. ಅವನ್ನು ತೋರಿಸಿದೆ. ಕೊನೆಗೆ ನಿಕ್ಕಿಯಾದದ್ದು ಇಷ್ಟು. ಮೂರು ತಿಂಗಳಿಗೊಮ್ಮೆ ಒಂದು ವಾರ ಬೆಂಗಳೂರು, ಉಳಿದದ್ದು ಕಲಬುರಗಿ, ವರ್ಷಕ್ಕೊಮ್ಮೆ ಮತ್ತೆ ಪರಿಶೀಲನೆ. 2024ರ ಮಾರ್ಚ್‌ನಿಂದ ವಂದೇ ಭಾರತ್ ಬಂದದ್ದು ಇದಕ್ಕೆ ಅನುಕೂಲ ಆಯಿತು. ಬೆಳಗಿನ ಜಾವ ಹತ್ತಿದರೆ ಮಧ್ಯಾಹ್ನ ಬೆಂಗಳೂರಿನ ಬೈಯಪ್ಪನಹಳ್ಳಿ. ಹೋದ ವಾರಗಳಲ್ಲಿ ಕೋಡ್ ಬರೆಯೋದಿಲ್ಲ. ಹೊಸಬರ ಪಕ್ಕ ಕೂರುತ್ತೇನೆ, ಕಾಫಿ ಮಷೀನ್ ಹತ್ತಿರ ನಿಲ್ಲುತ್ತೇನೆ.

ಇಲ್ಲಿನ ಕಾಲೇಜು ಮಕ್ಕಳು ಕೇಳುತ್ತಾರೆ, ಅಕ್ಕಾ ಮೊದಲ ಕೆಲಸವೇ ಮನೆಯಿಂದ ಸಿಕ್ಕರೆ ತಗೋಬೇಕಾ ಅಂತ. ಬೇರೆ ಆಫರ್ ಇದ್ದರೆ ಬೇಡ ಅನ್ನುತ್ತೇನೆ. ಮೊದಲ ಒಂದೆರಡು ವರ್ಷ ಜನರ ನಡುವೆ ಕೂತು ಬನ್ನಿ, ಆಮೇಲೆ ಊರಿಗೆ ಬಂದರೆ ಇನ್ವರ್ಟರ್ ಯಾವುದು ಅಂತ ನಾನು ಹೇಳುತ್ತೇನೆ.

ಬೀದರಿನ ಹುಡುಗ ಈಗ ಹೈದರಾಬಾದಿನಲ್ಲಿ ಒಳ್ಳೆ ಕೆಲಸಕ್ಕೆ ಸೇರಿದ್ದಾನೆ. ಅವನ ಜಾಗಕ್ಕೆ ಯಾದಗಿರಿಯ ಹುಡುಗಿ ಬಂದಿದ್ದಾಳೆ. ಅವಳೂ ಮನೆಯಿಂದಲೇ. ಈ ಸಲ ಕಾಯೋದು ಬೇಡ ಅಂತ ಮೊದಲ ವಾರವೇ ರೈಲು ಹತ್ತಿ ಬಾ ಅಂದಿದ್ದೇನೆ. ಕುರ್ಚಿ ಒರೆಸುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು: "ಅಕಿ ಊಟಕ್ಕ ಇರ್ತಾಳಿಲ್ಲೋ ಮೊದಲೇ ಹೇಳು. ರೊಟ್ಟಿ ಜಾಸ್ತಿ ತರಬೇಕಾಗ್ತದ."